ಎಂಜಲು ಹಾಡು

ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಗುರುಸಿದ್ದಮ್ಮನಿಗೆ ಹಾಡು ಕೇಳಿಸಲಿಲ್ಲ, ಮಾತೆಲ್ಲ ಕೇಳಿಸಿತು.

“ಈ ವಾರದ ನಮ್ಮ ಟಾಪ್ ಟೆನ್ ಮುನಿಸಿನ ಹಾಡುಗಳು. ಹತ್ತನೇದರಿಂದ ಎರಡನೇದರವರೆಗೂ ವಾಟ್ಸಾಪ್ ಗ್ರೂಪಿಗೆ ಹಾಕಾಯ್ತು. ಇದು ಒಂದನೇದು. ಹೆಂಗಿದೆ ಅರುಣಾ?”

“ಸೂಪರ್ ಕಣೇ ಮೇಧಿನಿ! ಎಲ್ಲಿ ಸಿಕ್ತು?”

“ನಮ್ಮ ಕ್ಲಾಸಿನ ವೇದವಲ್ಲಿ ಹುಡುಕಿದ್ದು. ನಿನ್ನೆ ಅವಳ ಮನೇಲಿ ಕೂತು ಕೇಳಿದ್ವಿ.”

“ಒಂದನೇ ಹಾಡನ್ನ ಯಾವಾಗ್ಲೂ ಮೊದಲು ನಾವಿಬ್ರೇ ಕೇಳೋದಲ್ವಾ?”

“ಈಗ ಕೇಳ್ತಾ ಇದೀವಲ್ಲ.”

“ಇದು ಎಂಜಲು ಹಾಡು.”

“ಮುನಿಸಿನ ಹಾಡು ಕೇಳಿ ನೀನೇ ಮುನಿಸ್ಕೊಂಡ್ಯಾ?”

“ಯಾರು ಮುನಿಸ್ಕೊಂಡಿದ್ದು? ರಾಗ ಅಷ್ಟಕ್ಕಷ್ಟೇ. ಹತ್ತನೇ ನಂಬರಿಗೆ ಹಾಕು.”

“ಈಗ ತಾನೇ ಸೂಪರ್ ಅಂದೆ!”

“ಆಗ ಅವಳದು ಅಂತ ಗೊತ್ತಿರಲಿಲ್ಲ.”

ಬೇಲೂರು ಬಸ್ಸು ಬಂತು. ಮೇಧಿನಿ ಎದ್ದಳು. ವೈರು ಬಿಗಿಯಾಯಿತು. ಅರುಣಾ ಮಾತ್ರ ಕಿವಿಯಲ್ಲಿದ್ದದ್ದನ್ನು ತೆಗೆಯಲಿಲ್ಲ.

“ಕೊಡೇ ಇಲ್ಲಿ. ಎಂಜಲು ಅಂದ್ಯಲ್ಲ?”

“ಇರೇ, ಮುಗೀಲಿ. ಮುಂದಿನ ವಾರ ಅವಳ ಹಾಡು ಬೇಡ.”

ವೈರು ಕಿತ್ತು ಹೋಗದ ಹಾಗೆ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಬಸ್ಸು ಹತ್ತಿದರು.