ಸೊಸೆಯ ಹೊಟ್ಟೆ, ಅತ್ತೆಯ ತುಪ್ಪ

ಹಲೋ… ಹಲೋ, ಯಾರ್ರಿ ಮಾತಾಡೋದು?

… ಹಾಂ, ನಾನೇ. ಅಫಜಲಪುರ ಲೇಡೀಸ್ ಜಿಮ್ಮಿನ ಜಯಮಾಲಾ. ನೀವ್ಯಾರು?

… ಅಯ್ಯ, ಭಾಗ್ಯಜ್ಯೋತಿ ಏನಬೇ? ಮತ್ತ ಇದ್ಯಾರ ನಂಬರು? … ನಿಮ್ಮತ್ತಿ ಫೋನಾ? ಹೂಂ, ಹೇಳು. ಕರಜಗಿಯಾಗ ಏನ್ ಸುದ್ದಿ?

… ಹೊಟ್ಟಿ ಕಾಣವಲ್ದಾ? ಹೊಟ್ಟಿ ಎಲ್ಲರದೂ ಕಾಣ್ತದ, ಸಿಕ್ಸ್ ಪ್ಯಾಕಿನ ಗೆರಿ ಕಾಣವಲ್ದು ಅನ್ನು.

… ದಿನಾ ಬರೇ ಸಿಟಪ್ಪಾ? ಯಾವಕಿ ಹೇಳಿದಳು ನಿನಗ? … ಫೋನಿನ್ಯಾಗ ಕುಣಿಯೋ ಆ ಹುಡುಗಿನಾ? ಕೇಳಬೇ ಇಲ್ಲಿ. ಗೆರಿ ಎಲ್ಲರ ಹೊಟ್ಟಿಗೂ ಅವ. ನಮ್ಮ ಓಣಿ ಸಾವಕಾರನ ಹೊಟ್ಟಿಗೂ ಅವ. ಮ್ಯಾಲ ಕೊಬ್ಬಿನ ಕೌದಿ ಹೊಚ್ಕೊಂಡು ಮಲಗ್ಯಾವ, ಅಷ್ಟೇ. ಸಿಟಪ್ ಹೊಡದ್ರ ಕೌದಿ ಸರಿಯಂಗಿಲ್ಲ. ಅದು ಸರಿಯೋದು ತಾಟಿನ್ಯಾಗ.

… ಹಾಂ, ಸ್ಕ್ವಾಟ್ ಮಾಡು, ವಜ್ಜಿ ಎತ್ತು, ಪ್ಲ್ಯಾಂಕ್ ಹಿಡಿ, ಕಣ್ತುಂಬ ನಿದ್ದಿ ಮಾಡು. … ಅದೆಲ್ಲಾ ಮಾಡಾಕತ್ತಿ? ಮತ್ತ ಯಾಕ ಇಳಿವಲ್ದು? ಏನ್ ತಿಂತಿ ಹೇಳು. ಸುಳ್ಳ ಹೇಳಬ್ಯಾಡ, ನಾ ನಿಮ್ಮತ್ತಿ ಅಲ್ಲ.

… ಒಂದ ರೊಟ್ಟಿ. ಹೂಂ. ಮಡಕಿಕಾಳು. ಚಲೋ. ಮಸರು, ಪುಂಡಿ ಪಲ್ಯ. ತತ್ತಿ ನಿಮ್ಮ ಮನಿ ಹೊಸ್ತಿಲ ದಾಟಂಗಿಲ್ಲ, ಗೊತ್ತದ. ಬ್ಯಾಳಿ? … ಎರಡೂ ಹೊತ್ತು ಬಟ್ಟಲ ತುಂಬಾ. ಬರೋಬ್ಬರಿ ಅದ. ನಿಲ್ಲು, ಬ್ಯಾಳಿ ಯಾರ ಮಾಡ್ತಾರ?

… ನಿಮ್ಮತ್ತಿ. ಹಾಂ. ಬ್ಯಾಳಿ ಮ್ಯಾಲ ಏನರ ತೇಲ್ತದೇನು? … ಘಮ ಬರ್ತದ? … ತಣ್ಣಗಾದ್ರ ಹೆಪ್ಪುಗಟ್ಟತದ? ಎ ಜ್ಯೋತಿ, ಅದು ಬ್ಯಾಳಿ ಅಲ್ಲಬೇ. ನೀ ದಿನಾ ತುಪ್ಪ ಕುಡ್ಯಾಕತ್ತಿ.

… ಅತ್ತಿ ಅಲ್ಲೇ ಕುಂತಾರಾ? ಸ್ಪೀಕರ್ ಹಾಕೀಯಾ? ಮೊದಲ ಹೇಳಬೇಕಿಲ್ಲೇನು. … ಕೊಡು, ಅವರಿಗೇ ಕೊಡು.

… ಶರಣ್ರೀ ಗುರುಶಾಂತವ್ವಾರ. … ಹೌದ್ರಿ, ನಿಮ್ಮ ಸೊಸಿನ್ನ ಕೆಡಿಸಿದಾಕಿ ನಾನೇ. ಅಲ್ರಿ, ಗಂಡಸರು ಬನಿಯನ್ ಮ್ಯಾಲೆತ್ತಿ ಓಣಿ ತುಂಬಾ ತಿರಗ್ತಾರ, ಹೊಟ್ಟಿ ಮುಂದ, ತಾವು ಹಿಂದ. ಅವರಿಗಿ ಯಾರೂ ಏನೂ ಅನ್ನಂಗಿಲ್ಲ. ಈಕಿ ಮುಂದಿನ ತಿಂಗಳ ಕಲಬುರಗಿ ಬಾಡಿಬಿಲ್ಡಿಂಗ್ ಸ್ಪರ್ಧಾದಾಗ ಸ್ಟೇಜಿನ ಮ್ಯಾಲ ನಿಂತು ತೋರಿಸಿದ್ರ ಮಾತ್ರ ಮರ್ಯಾದಿ ಹೋಗ್ತದಾ?

… ಮರ್ಯಾದಿದಲ್ಲಾ? ಮತ್ತೇನ್ರಿ? … ಮಂದಿ ಏನಂತಾರ? … ಸೊಸಿಗಿ ಹೊಟ್ಟಿಗಿ ಹಾಕಂಗಿಲ್ಲ ಅಂತಾರ. ಹೂಂ. ಅದಕ್ಕ ಅಕಿಗಿ ಗೊತ್ತಾಗದಂಗ ಬ್ಯಾಳ್ಯಾಗ ಸುರೀತಿದ್ರಿ.

… ನಿಮಗ ಹೊಟ್ಟಿಗಿ ಹಾಕ್ತಿದ್ದಿಲ್ಲಾ? ಯಾರು, ನಿಮ್ಮತ್ತಿನಾ? … ರೊಟ್ಟಿ ಬುಟ್ಟಿ ನಿಮ್ಮ ಕೈಗಿ ಸಿಗದಂಗ ನೆಲುವಿನ ಮ್ಯಾಲ ಇಡ್ತಿದ್ರಾ? … ಬಸರಿ ಇದ್ದಾಗೂ?

… ಯವ್ವಾ. … ಅಳಬ್ಯಾಡ್ರಿ. … ಜ್ಯೋತಿಗಿ ಒಮ್ಮೆಯೂ ಹೇಳಿಲ್ಲಾ? ಬಾಜೂಕೇ ಕುಂತಾಳಲ್ರಿ, ಕೇಳಲಿ ಬಿಡ್ರಿ.

… ಇಲ್ರಿ, ಅದು ಬ್ಯಾರೆ, ಇದು ಬ್ಯಾರೆ. ನಿಮ್ಮ ಬಾಯಾಗಿನ ತುತ್ತು ಅವರು ಕಸಗೊಂಡಿದ್ರು. ಈಕಿ ತಾನೇ ನೋಡಿ ನೋಡಿ ತಿನ್ನಾಕತ್ಯಾಳ. ನಾ ಯಾರಿಗೂ ಉಪವಾಸ ಕೆಡವಂಗಿಲ್ಲ. ತಿಂಗಳದ್ದು ತಪ್ಪಿದ್ರ, ಕಣ್ಣಿಗಿ ಕತ್ತಲಿ ಬಂದ್ರ, ಸ್ಟೇಜು ಬ್ಯಾಡ, ಗೆರಿನೂ ಬ್ಯಾಡ, ನಾನೇ ಕೈ ಹಿಡದು ನಿಮ್ಮ ಅಡಗಿ ಮನಿಗಿ ತಂದು ಕುಂದರಸ್ತೇನಿ. … ಖರೇನ್ರಿ. ಅಲ್ಲೀತನಕ ತುಪ್ಪ ಬಿಡ್ರಿ, ಇನ್ನೊಂದ ಸವಟ ಕಾಳು ಹಾಕ್ರಿ. ನಿಮ್ಮ ಕೈಲೇ ಹಾಕ್ರಿ.

… ಹಾಂ? ಜ್ಯೋತಿನ್ನ ಕಳಸ್ತೀರಾ? … ನೀವೂ ಬರ್ತೀರಿ? ಮುಂದಿನ ಸಾಲಿನ್ಯಾಗಾ? ಕುಂದರ್ರಿ, ಯಾರ ಬ್ಯಾಡಂತಾರ. … ಸೀಟಿ ಮಾತ್ರ ಹೊಡೀಬ್ಯಾಡ್ರಿ.

… ನಂದಾ? ನನ್ನ ಊಟ ಯಾಕ ಬಂತು ನಡುವ? … ಆಗ್ಯದ್ರಿ. … ಏನ್ ಉಂಡೆ ಅಂದ್ರ… ಅದು…

… ಮುಂಜಾನಿಂದ ಚಾ ಅಷ್ಟೇ ರಿ. … ಒಬ್ಬಾಕಿಗಿ ಯಾರ ರೊಟ್ಟಿ ಬಡೀತಾರ. … ದಿನಾ ಊರ ಮಂದಿಗೆಲ್ಲಾ ಏನ್ ತಿಂದ್ರಿ, ಏನ್ ತಿಂದ್ರಿ ಅಂತ ಕೇಳ್ತೇನಿ. ನನಗ ಯಾರೂ ಕೇಳಂಗಿಲ್ರಿ. … ಇಲ್ರಿ, ನೆಗಡಿ ಆಗ್ಯದ, ಅದಕ್ಕ ದನಿ ಹಿಂಗ ಅದ.

… ಈಗಾ? ಬಸ್ಸಿಗಿ ಡಬ್ಬಿ ಕೊಡ್ತೀರಾ? ಬ್ಯಾಡ್ರಿ ಯವ್ವಾ, ನಿಮಗ್ಯಾಕ ತ್ರಾಸು. … ಅಲ್ರಿ, ಕಂಡಕ್ಟರ್ ಏನಂತಾನ. … ಯಾವ ಬಸ್ಸು? … ಹೂಂ, ಸ್ಟ್ಯಾಂಡಿಗಿ ಹೋಗಿ ನಿಂದರ್ತೇನಿ.

… ಬ್ಯಾಳ್ಯಾಗ ತುಪ್ಪಾ? … ಹಾಕ್ರಿ. ನಾ ಯಾವ ಸ್ಟೇಜಿಗೂ ಹತ್ತಂಗಿಲ್ಲ, ಜರಾ ಜಾಸ್ತಿನೇ ಹಾ… ಹಲೋ? ಯವ್ವಾ? ಹಲೋ…