ಹಿತೈಷಿಯ ಪ್ರಶ್ನಿ

...ಕೈ ಸ್ವಲ್ಪ ಮ್ಯಾಲೆ ಹಿಡಿ ಪೂಜಾ. ಹಾಂ, ಅಷ್ಟ ಸಾಕು. ಯಾಕ ನಗಾಕತ್ತೀ? ಟೇಪ್ ಕಚಗುಳಿ ಇಡತೈತೇನು? ಮದುವಿ ಹೆಣ್ಣು ಜಂಪರದ ಅಳತಿ ಕೊಡೂವಾಗ ಹಿಂಗ ಮಿಸುಕಾಡಿದರ ಒಂದು ತೋಳು ಬಿಗಿ, ಒಂದು ತೋಳು ಸಡಿಲ ಆಗತೈತಿ ನೋಡು. ಆಮ್ಯಾಲೆ ಈ ಕೌಸರ ಹೊಲಿಗಿ ಮರತಾಳ ಅಂತ ನಿಮ್ಮ ನರೇಗಲ್ ಮಂದಿ ಆಡಿಕೊಳ್ಳೂದು. ನೆಟ್ಟಗ ನಿಂದ್ರು.

ಏನಂದಿ? ಈಗೂ ಆ ಕಂಪ್ಯೂಟರ ಚಾಟಿಂಗಿಗೆ ಕುಂದರ್ತೀಯೇನು ಅಂತೀ? ಇಲ್ಲವಾ. ಬಿಟ್ಟೆ. ಆವತ್ತಿನಿಂದ ಅಣ್ಣನ ಅಂಗಡಿ ಕಡೆ ಕಾಲ ಇಟ್ಟಿಲ್ಲ... ಯಾವತ್ತಿನಿಂದ ಅಂದರ... ನೀ ಮಂದಿ ಬಾಯಾಗ ಕೇಳಿರ್ತಿ. ನನ್ನ ಬಾಯಾಗ ಕೇಳಿಲ್ಲ. ವರ್ಷಾತು ನೀ ಈ ಮನಿಗೆ ಬಂದು. ಹೇಳ್ತೀನಿ ತಡಿ, ಭುಜ ಒಂದು ನೋಡಿಬಿಡ್ತೀನಿ.

ಕಂಪ್ಯೂಟರ ಮುಂದ ಕುಂದರೂದು ಕಲಿಸಿದಾಕಿ ನೀನ. ಅದನ್ನ ನಾ ಮರತಿಲ್ಲ. ನಮ್ಮಣ್ಣ ಆರಿಫ ಇಲ್ಲೆ ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಮುಂದ ಇಂಟರ್ನೆಟ್ ಅಂಗಡಿ ತಗದಾಗ ನೀ ನರೇಗಲ್ಲಿಂದ ಕಾಲೇಜಿಗೆ ಬರ್ತಿದ್ದಿ. ಕಾಲೇಜು ಬಿಟ್ಟಮ್ಯಾಲೆ ನನ್ನ ಮಶೀನಿನ ಮುಂದಿಂದ ಎಳಕೊಂಡು ಹೋಗಿ ಅಲ್ಲಿ ಕುಂದರಸ್ತಿದ್ದಿ. ಬೆಂಗಳೂರಿನ ಆ ಕನ್ನಡ ಸೈಟಿನವರು ಶನಿವಾರ ಸಂಜಿಗೆ ಯಾರನ್ನರ ಒಬ್ಬರನ್ನ ಕರಸ್ತಿದ್ದರು. ನಾವು ಇಲ್ಲಿಂದ ಪ್ರಶ್ನಿ ಬರಿಯೂದು, ಅವರು ಅಲ್ಲಿಂದ ಉತ್ತರ ಬರಿಯೂದು. ಇಂಗ್ಲಿಷ್ ಅಕ್ಷರದಾಗ ಕನ್ನಡ ಕುಟ್ಟಾಕ ನನಗ ಬರ್ತಿದ್ದಿಲ್ಲ. ನಾ ಹೇಳೂದು, ನೀ ಕುಟ್ಟೂದು.

ಖರೇ ಹೇಳ್ತೀನಿ, ನನಗ ಅದರ ಹುಚ್ಚ ಹಿಡದಿತ್ತು. ಸಿನಿಮಾದವರು ಬಂದರ ನನಗ ಬ್ಯಾಸರ. ಸಮುದ್ರದ ದಂಡಿಗೆ ಲೈಟ್‌ಹೌಸ್ ಕಾಯಾಂವ ಬಂದಿದ್ದ, ರೈಲು ಓಡಸೂ ಹೆಣ್ಣಮಗಳು ಬಂದಿದ್ದಳು. ಪೋಸ್ಟ್‌ಮಾರ್ಟಮ್ ಮಾಡಾಂವ ಒಬ್ಬ ಬಂದಿದ್ದ, ನೆನಪೈತೇನು? ಎಲ್ಲಾರೂ ಅವಗ ದೆವ್ವ ಕಂಡೈತೇನು ಅಂತ ಕೇಳಾಕತ್ತಿದ್ದರು. ನೀನೂ ಅದನ್ನ ಕೇಳಿದ್ದಿ... ಅಲ್ಲವಾ, ತಪ್ಪಂತ ಹೇಳಾಕತ್ತಿಲ್ಲ. ನಾ ಕೇಳಿದ್ದು, ಮನಿಗೆ ಹೋದಮ್ಯಾಲೆ ಮಕ್ಕಳನ್ನ ಎತ್ತಿಕೊಳ್ಳೂ ಮುಂದ ಏನು ಮಾಡ್ತೀರಿ ಅಂತ. ಆಂವ ಬರದ, ಅಂಗಳದಾಗ ಬಿಸಲಿಗೆ ನಿಂತು ಕೈ ಬೆಚ್ಚಗ ಮಾಡಿಕೊಂಡು ಒಳಗ ಹೋಗ್ತೀನಿ ತಾಯಿ, ಇದನ್ನ ಇಲ್ಲೀತನಕ ಯಾರೂ ಕೇಳಿದ್ದಿಲ್ಲ ಅಂತ.

ಇಲ್ಲೆ ನಾ ಯಾರನ್ನ ಏನು ಕೇಳೂದಿತ್ತು ಹೇಳು? ಮನಿಗೆ ಬಂದ ಗಂಡಸರ ಮುಂದ ಚಹಾ ಇಟ್ಟು ಒಳಗ ಹೋಗೂದು. ಅಲ್ಲಿ ನನ್ನ ಒಂದು ಮಾತಿಗೆ ಅಂಥಾ ಮನಶಾ ತಡದು, ವಿಚಾರ ಮಾಡಿ, ಖರೇ ಉತ್ತರ ಕೊಡ್ತಿದ್ದ. ವಾರಪೂರ್ತಿ ಮಶೀನ ತುಳಕೋತ ಶನಿವಾರದ ಪ್ರಶ್ನಿ ತಲ್ಯಾಗ ಕಟ್ಟಿಕೋತ ಇರ್ತಿದ್ದೆ.

ನಿನ್ನ ಪ್ರಶ್ನಿ ಅವರು ಆರಿಸ್ತಿದ್ದಿಲ್ಲ. ಹೌದು... ಒಮ್ಮೆ ಸಿಟ್ಟಿಗೆದ್ದು ಅಂದಿದ್ದಿ, ಕುಟ್ಟಾಕಿ ನಾನು, ಹೆಸರು ನಿಂದು ಅಂತ. ನಾ ನಕ್ಕಿದ್ದೆ. ನಗಬಾರದಿತ್ತೇನೋ.

ಹೊರಳು ಸ್ವಲ್ಪ. ನಡುವಿನ ಕಡೆ ಬಿಗಿ ಬೇಕೇನು? ಹಂಗಾದರ ಹಂಗ.

ಆಮ್ಯಾಲೆ ಆ ಸೈಟಿನವರ ಮೇಲ್ ಬಂತು. ಪ್ರಶ್ನಿ ಕೇಳಾಕಿನ್ನ ಈ ಸಲ ಕುಂದರಸ್ತೀವಿ, ಮಂದಿ ಆಕಿನ್ನ ಕೇಳಲಿ ಅಂತ. ಓದಿ ಹೇಳಿದಾಕಿ ನೀನ. ಓದಿದಮ್ಯಾಲೆ ನಿನ್ನ ಮಾರಿ ಸಣ್ಣದಾತು... ಇಲ್ಲ ಬಿಡು, ನನಗ ಹಂಗ ಕಂಡಿರಬೇಕು.

ಆವಾಗ ನರಗುಂದದ ಇಸ್ಮಾಯಿಲಸಾಬರ ಮಗ ಜಾವೀದನ ಕೂಡ ನನ್ನ ಮದುವಿ ಮಾತು ನಡದಿತ್ತು. ಚಲೋ ಮನಶಾ ಇದ್ದ. ಫೋನ್ ಮಾಡಿ, ನಾನೂ ನರಗುಂದದಾಗ ಕುಂತು ನೋಡ್ತೀನಿ, ಒಂದು ಪ್ರಶ್ನಿ ನಾನೂ ಕೇಳ್ತೀನಿ ಅಂದ. ಅಮ್ಮಿಗೆ ಕಾಲು ನೆಲದ ಮ್ಯಾಲೆ ನಿಂದರ್ತಿದ್ದಿಲ್ಲ. ಬರ್ತೀನಿ ಅಂದಾಕಿ ನೀ ಬರಲಿಲ್ಲ, ಮನಿಗೆ ಬೀಗರು ಬಂದಾರ ಅಂತ ಹೇಳಿ ಕಳಿಸಿದಿ. ಕುಟ್ಟಾಕ ಅಣ್ಣ ಕುಂತ.

ಮೊದಲಿಗೆ ಎಲ್ಲಾ ಚಲೋ ನಡೀತು. ಯಾವ ಹೊಲಿಗಿ ಕಷ್ಟ ಅಂತ ಕೇಳಿದರು. ಬುರ್ಖಾ ಹಾಕ್ಕೊಂಡ ಕುಂತೀರೇನು ಅಂತ ಒಬ್ಬ ಕೇಳಿದ, ಅದಕ್ಕೂ ನಗಚಾಟಿಕಿ ಮಾಡಿ ಉತ್ತರ ಕೊಟ್ಟೆ. ಆಮ್ಯಾಲೆ ಹಿತೈಷಿ ಅನ್ನೂ ಹೆಸರಿಲೆ ಒಂದು ಬಂತು. “ನಿಮಗೆ ಮೂರ್ಛೆರೋಗ ಇದೆಯಂತೆ. ಹೊಲಿಗೆ ಯಂತ್ರ ತುಳಿಯಲು ಹೆದರಿಕೆ ಆಗುವುದಿಲ್ಲವೇ?” ಎಷ್ಟು ಚಂದ ಬರದಿತ್ತು ನೋಡು. ಪುಸ್ತಕದ ಭಾಷಾದಾಗ, ಮರ್ಯಾದಿ ಕೊಟ್ಟು.

ಅಣ್ಣ ಸ್ವಿಚ್ಚಿಗೆ ಕೈ ಹಾಕಿದ. ನಾ ಅವನ ಕೈ ಹಿಡದೆ. ಆ ರೈಲಿನ ಹೆಣ್ಣಮಗಳು, ಹಳಿಗೆ ಬಿದ್ದವರ ಬಗ್ಗೆ ಕೇಳಿದಾಗ ಎದ್ದು ಹೋಗಿದ್ದಿಲ್ಲ. ಅಷ್ಟು ಮಂದಿ ಕಡೆಯಿಂದ ಖರೇ ಉತ್ತರ ಇಸಗೊಂಡಾಕಿ ನಾ ಹ್ಯಾಂಗ ಎದ್ದು ಹೋಗ್ಲಿ? ನಾ ಹೇಳಿದ್ದು ಬರಿ ಅಣ್ಣಾ ಅಂದೆ. ಹೌದು, ಯಾವಾಗರ ಒಮ್ಮೆ ಬರತೈತಿ. ಬರೂ ಮುಂದ ಹಾಲು ಸೀದ ವಾಸನಿ ಬಂದಂಗ ಆಗತೈತಿ, ಆವಾಗ ಮಶೀನ ಬಿಟ್ಟು ನೆಲದ ಮ್ಯಾಲೆ ಮಲಕ್ಕೊಂಬಿಡ್ತೀನಿ. ಗುಳಿಗಿ ತಗೊಳ್ತೀನಿ. ಹೆದರಿಕಿ ಆಗೂದು ಅದು ಬಂದಾಗ ಅಲ್ಲ, ಎಚ್ಚರಾದಾಗ ಸುತ್ತ ನಿಂತವರ ಮಾರಿ ನೋಡಿ.

ಆಮ್ಯಾಲೆ ಎಷ್ಟು ಪ್ರಶ್ನಿ ಬಂದವು ಅಂತೀ... ರಾಯಚೂರಿನ ಒಬ್ಬಾಕಿ ತಾಯಿ ಬರದಳು, ನನ್ನ ಮಗಳಿಗೂ ಐತಿ, ಸಾಲಿಗೆ ಕಳಸಲೋ ಬ್ಯಾಡೋ ಅಂತ. ಕಳಸ್ರಿ ಅಂದೆ. ಇಂಥಾವು ಭಾಳ ಬಂದವು, ಎಲ್ಲಾಕ್ಕೂ ಉತ್ತರ ಕೊಟ್ಟೆ. ಜಾವೀದ ಮಾತ್ರ ಏನೂ ಕೇಳಲಿಲ್ಲ.

ನಾ ಅವಗ ಹೇಳೂದಿತ್ತು ಪೂಜಾ. ಬರೂ ಶುಕ್ರವಾರ ಆಂವ ಮನಿಗೆ ಬರಾಂವ ಇದ್ದ. ಅಮ್ಮಿ ಬ್ಯಾಡ ಬ್ಯಾಡ ಅಂದರೂ ನಾನ ಎದುರ ಕುಂತು ಹೇಳೂದಿತ್ತು. ಇಸ್ಮಾಯಿಲಸಾಬರು ಮರುದಿನಾನ ಹೇಳಿ ಕಳಿಸಿದರು, ರೋಗಕ್ಕ ನಮ್ಮ ತಕರಾರಿಲ್ಲ, ಮುಚ್ಚಿಟ್ಟದ್ದಕ್ಕ ಐತಿ ಅಂತ. ಮದುವಿ ಮಾತು ಅಲ್ಲಿಗೆ ಮುರೀತು. ಊರಾಗ ಹೊಲಿಯಾಕ ಕೊಟ್ಟವರು ಅರಿವಿ ತಿರುಗಿ ಒಯ್ದರು. ನಮ್ಮ ಓಣಿ ಮಾಸುಮಬಿ ಅಂತೂ, ಮಗಳ ಸೀರಿ ಮ್ಯಾಲೆ ಬಿದ್ದುಗಿದ್ದಿ ಅಂತ ಎದುರಿಗೇ ಅಂದಳು. ರಾಯಚೂರಿನ ತಾಯಿಗೆ ನಾ ಧೈರ್ಯದಾಕಿ. ಗಜೇಂದ್ರಗಡದಾಗ ನಾ ಬೀಳಾಕಿ.

ಯಾಕ, ದಣಿವಾತೇನು? ನೀರು ಬೇಕೇನು? ಕುಂದರಬ್ಯಾಡ, ಎದಿ ಅಳತಿ ಉಳದೈತಿ. ಉಸರ ಬಿಡು. ಉಸರ ಹಿಡದರ ಅಳತಿ ಸುಳ್ಳಾಗತೈತಿ.

ನನಗ ಅದು ಬರೂದನ್ನ ಮನ್ಯಾನವರು ಬಿಟ್ಟರ ಊರಾಗ ಯಾರೂ ನೋಡಿದ್ದಿಲ್ಲ. ಹೊರಗ ಬಂದದ್ದು ಒಂದ ಸಲ. ನರೇಗಲ್ಲಿನಾಗ, ನಿಮ್ಮ ಪಡಸಾಲ್ಯಾಗ. ನಿಮ್ಮವ್ವ ಹೊನ್ನವ್ವ ನನ್ನ ಕೈಯಾಗ ಕೀಲಿಕೈ ಗೊಂಚಲ ಹಿಡಿಸಿದ್ದಳಂತ. ನೀ ನನ್ನ ತಲಿ ತೊಡಿ ಮ್ಯಾಲೆ ಇಟ್ಟುಕೊಂಡು ಅಳಾಕತ್ತಿದ್ದಿ. ಎಚ್ಚರಾದಾಗ ಮೊದಲ ಕಂಡದ್ದು ನಿನ್ನ ಮಾರಿ. ಅದೊಂದು ಮಾರಿಗೆ ನಾ ಹೆದರಿದ್ದಿಲ್ಲ. ಯಾರ ಮುಂದೂ ಹೇಳೂದಿಲ್ಲ ಅಂತ ಅಂದಿದ್ದಿ, ನಾ ಕೇಳೂಕಿಂತ ಮೊದಲ.

ಇಲ್ಲ, ನಾ ಏನೂ ಅನ್ನಾಕತ್ತಿಲ್ಲ. ಅಮ್ಮಿ ಮುಂದೂ ಅಂದಿಲ್ಲ, ಅಣ್ಣನ ಮುಂದೂ ಅಂದಿಲ್ಲ. ದವಾಖಾನ್ಯಾಗ ಯಾರೋ ನೋಡಿರಬೇಕು ಅಂದೆ, ಅವರು ನಂಬಿದರು. ನಾನೂ ವರ್ಷಾತು ಅದನ್ನ ನಂಬಾಕ ನೋಡಾಕತ್ತೀನಿ. ಇವತ್ತ ನೀ ಅರಿವಿ ಹಿಡಕೊಂಡು ಬಾಗಲದಾಗ ನಿಂತಾಗ ಅಂದಕೊಂಡೆ, ಈಕಿ ಮುಂದ ಎಲ್ಲಾ ಹೇಳೂಣು, ಮೊದಲಿಂದ ಕಡೀತನಕ, ಈಕಿಗೆ ಏನೂ ಗೊತ್ತಿಲ್ಲದಾಂಗ ಹೇಳೂಣು. ಗೊತ್ತಿಲ್ಲದಾಕಿ ಆದರ ಒಂದು ಮಾತು ಕೇಳಿಯೇ ಕೇಳ್ತಾಳ. ಅಣ್ಣ ಕೇಳಿದ. ಅಮ್ಮಿ ಕೇಳಿದಳು. ಅರಿವಿ ತಿರುಗಿ ಒಯ್ಯಾಕ ಬಂದ ಮಾಸುಮಬಿನೂ ಕೇಳಿದಳು, ಯಾರ ಅದು, ಅದನ್ನ ಬರದಾಂವ ಯಾರು ಅಂತ.

ಇಷ್ಟೊತ್ತು ನಿಂತಿ. ನೀ ಕೇಳಲಿಲ್ಲ.