ಐ.ಡಿ.ಹಳ್ಳಿ ಇಲ್ಲದ ಪಟ್ಟಿ

ದಿನಾಂಕ 14-07-2025, ಸೋಮವಾರ, ಬೆಳಿಗ್ಗೆ 11-20 ಗಂಟೆ. ಮಧುಗಿರಿ ಪೊಲೀಸ್ ಠಾಣೆ. ಯಾರೂ ಕರೆಸದೆ ನಾನಾಗಿಯೇ ಹಾಜರಾಗಿ ಕೊಟ್ಟ ಹೇಳಿಕೆ.

ಹೆಸರು ಶಶಿರೇಖಾ ಕೋಂ ಸುರೇಶ್, ವಯಸ್ಸು 32 ವರ್ಷ, ಖಾಸಗಿ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಕೆಲಸ, ವಾಸ ಪಾವಗಡ ಟೌನ್.

ನಾನು ತಿಳಿಸಬೇಕಾಗಿರುವುದು ಹೀಗಿದೆ. ದಿನಾಂಕ 10-07-2025ರಂದು ಮಧುಗಿರಿಯಲ್ಲಿರುವ ನಮ್ಮ ಕಚೇರಿಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಅಡವಯ್ಯನವರಿಗೆ, ವ್ಯಾನ್ ಚಾಲಕ ಅಸ್ಗರ್ ಮೊಬೈಲಿನಲ್ಲಿ ನೋಡಿದ್ದ ಪಟ್ಟಿ ಸರಿಯಾಗಿಯೇ ಇತ್ತು ಎಂದು ನಾನು ಹೇಳಿದ್ದೆ. ಅದು ಸುಳ್ಳು. ಆ ಮಾತಿನ ಮೇಲೆ ಅಸ್ಗರ್ ಅವರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಅವರ ಮೇಲೆ ಕೇಸು ಆಗುವುದರಲ್ಲಿದೆ.

ನಮ್ಮ ಸಂಸ್ಥೆಯ ವ್ಯಾನು ಮಧುಗಿರಿ ಮತ್ತು ಪಾವಗಡ ತಾಲ್ಲೂಕುಗಳ ಡಯಾಲಿಸಿಸ್ ರೋಗಿಗಳನ್ನು ಶಿರಾದ ಕೇಂದ್ರಕ್ಕೆ ಕರೆದೊಯ್ದು ವಾಪಸ್ ಬಿಡುತ್ತದೆ. ಆಯಾ ದಿನ ಯಾರನ್ನು, ಯಾವ ಊರಿನಲ್ಲಿ ಹತ್ತಿಸಿಕೊಳ್ಳಬೇಕು ಎಂಬ ಪಟ್ಟಿಯನ್ನು ಕಚೇರಿಯ ಕಂಪ್ಯೂಟರ್ ಬೆಳಿಗ್ಗೆ 5-30ಕ್ಕೆ ತಯಾರಿಸುತ್ತದೆ. ಚಾಲಕರು ಅದನ್ನು ಮೊಬೈಲಿನಲ್ಲಿ ತೆರೆದು ನೋಡುತ್ತಾರೆ. ತೆರೆದ ಹೊತ್ತಿಗೆ ಕಂಪ್ಯೂಟರಿನಲ್ಲಿ ಏನಿದೆಯೋ ಅದು ಕಾಣುತ್ತದೆ, ಹಿಂದೆ ಇದ್ದದ್ದು ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಊರಿಗೆ ಗಾಡಿ ತಿರುಗಿಸಬಾರದು ಎಂಬುದು ಕಚೇರಿಯ ನಿಯಮ.

ಈ ಪ್ರೋಗ್ರಾಮನ್ನು ಬರೆದವರು ಕೊರಟಗೆರೆಯಿಂದ ಬರುವ ನನ್ನ ಸಹೋದ್ಯೋಗಿ ಖುಷ್ನುಮಾ. ಪ್ರೋಗ್ರಾಮನ್ನು ಬದಲಾಯಿಸಿದಾಗಲೆಲ್ಲ ಅದನ್ನು ಒಂದು ಇಮೇಜ್ ಆಗಿ ಕಟ್ಟಿ ಹೆಸರಿಟ್ಟು ಇಡುತ್ತೇವೆ. ಆ ಇಮೇಜಿನಿಂದ ಹುಟ್ಟಿ ಓಡುವುದಕ್ಕೆ ಕಂಟೇನರ್ ಎನ್ನುತ್ತೇವೆ. ಓಡುತ್ತಿರುವ ಕಂಟೇನರಿನ ಒಳಹೊಕ್ಕು ಏನನ್ನಾದರೂ ತಿದ್ದಬಹುದು. ಆದರೆ ಅದನ್ನು ತೆಗೆದು ಮತ್ತೊಂದನ್ನು ಹುಟ್ಟಿಸಿದರೆ ಆ ತಿದ್ದುಪಡಿ ಇರುವುದಿಲ್ಲ. ಇದನ್ನು ಬರೆದುಕೊಳ್ಳುತ್ತಿರುವ ಅಡವಯ್ಯನವರು ಇಲ್ಲಿ ಪೆನ್ನು ನಿಲ್ಲಿಸಿ, "ಅಂದ್ರೆ ಹಸಿ ಇಟ್ಟಿಗೇನ ಕೈಯಲ್ಲಿ ತಿದ್ದುದ್ರಿ, ಅಚ್ಚು ಹಂಗೇ ಬುಟ್ರಿ, ಅಷ್ಟೇ ತಾನೆ?" ಎಂದು ಕೇಳಿದರು. ಹೌದು ಎಂದೆ.

ಇಮೇಜುಗಳಿಗೆ ಅಂಕಿ ಹಾಕಿದರೆ ಯಾರಿಗೂ ನೆನಪಿರುವುದಿಲ್ಲ ಎಂದು ಖುಷ್ನುಮಾ ಕೊರಟಗೆರೆಯಿಂದ ಪಾವಗಡದ ಕಡೆ ಹೋಗುವ ಬಸ್ಸು ನಿಲ್ಲುವ ಊರುಗಳ ಹೆಸರಿಡುತ್ತಿದ್ದರು. ಮೊದಲನೆಯದು ಕೊರಟಗೆರೆ. ಬಸ್ಸು ಮುಂದಕ್ಕೆ ಹೋದಷ್ಟೂ ಇಮೇಜ್ ಹೊಸದು. "ಪಾವಗಡ ಬಂದ್ರೆ ಮುಗೀತು ಶಶಿ, ಆಮೇಲೆ ಆಂಧ್ರ, ತೆಲುಗಲ್ಲಿ ಹೆಸರಿಡ್ಬೇಕು" ಎಂದು ನಗುತ್ತಿದ್ದರು. ದಿನಾಂಕ 16-06-2025ರಿಂದ ಅವರು ಹೆರಿಗೆ ರಜೆಯಲ್ಲಿದ್ದಾರೆ. ಅಂದಿನಿಂದ ಈ ಕೆಲಸ ನನ್ನದು.

ದಿನಾಂಕ 03-07-2025, ಗುರುವಾರ ಸಂಜೆ 5-40ಕ್ಕೆ ಪಟ್ಟಿ ತೆರೆಯುವುದು ತಡವಾಗುತ್ತಿದೆ ಎಂದು ನಾನು ಓಡುತ್ತಿದ್ದ ಕಂಟೇನರನ್ನು ನಿಲ್ಲಿಸಿ, ತೆಗೆದು, ಹೊಸ ಇಮೇಜಿನಿಂದ ಇನ್ನೊಂದನ್ನು ಓಡಿಸಲು ಹೊರಟೆ. ಕಂಪ್ಯೂಟರಿನಲ್ಲಿ ಎರಡು ಇಮೇಜುಗಳಿದ್ದವು, ಮಧುಗಿರಿ ಮತ್ತು ಮಿಡಿಗೇಶಿ. ನಾನು ಆರು ವರ್ಷದಿಂದ ದಿನವೂ ಪಾವಗಡದಿಂದ ಬಸ್ಸಿನಲ್ಲಿ ಬರುವವಳು. ನನಗೆ ಮೊದಲು ಮಿಡಿಗೇಶಿ ಸಿಗುತ್ತದೆ, ಮಧುಗಿರಿ ಆಮೇಲೆ. ಆಮೇಲೆ ಬರುವುದೇ ಹೊಸದು ಎಂದು ಯೋಚಿಸದೆ ಮಧುಗಿರಿಯನ್ನು ಓಡಿಸಿದೆ. ಅದು ಹಳೆಯದು. ಐ.ಡಿ.ಹಳ್ಳಿಯ ನಿಲುಗಡೆಯನ್ನು ಖುಷ್ನುಮಾ ಮೇ ತಿಂಗಳಲ್ಲಿ ಸೇರಿಸಿದ್ದು ಮಿಡಿಗೇಶಿಯಲ್ಲಿ.

ಐ.ಡಿ.ಹಳ್ಳಿಯಿಂದ ಬರುವ ರೋಗಿ ಮುದ್ದಕ್ಕ ಒಬ್ಬರೇ. ವಯಸ್ಸು 58. ಅವರ ಸರದಿ ಮಂಗಳವಾರ ಮತ್ತು ಶುಕ್ರವಾರ.

ಮರುದಿನ ಶುಕ್ರವಾರ 9-45ಕ್ಕೆ ಮುದ್ದಕ್ಕನವರ ಮಗ ಓಬಳರಾಜು ಕಚೇರಿಗೆ ಫೋನ್ ಮಾಡಿ, "ಅವ್ವ ಆರು ಗಂಟೆಯಿಂದ ಡೈರಿ ಮುಂದೆ ಕುಂತವ್ಳೆ ಮೇಡಂ, ಗಾಡಿ ಎಲ್ಲೋಯ್ತು?" ಎಂದರು. ನೋಡಿದರೆ ಪಟ್ಟಿಯಲ್ಲಿ ಅವರ ಊರೇ ಇರಲಿಲ್ಲ. ಖುಷ್ನುಮಾ ಅದನ್ನು ಓಡುವ ಕಂಟೇನರಿನೊಳಗೆ ಕೈಯಲ್ಲೇ ಸೇರಿಸಿರಬೇಕು, ನಾನು ತೆಗೆದಾಗ ಹೋಗಿರಬೇಕು ಎಂದುಕೊಂಡೆ. ನಾನೂ ಹಾಗೆಯೇ ಮಾಡಿದೆ. ಓಡುತ್ತಿದ್ದ ಕಂಟೇನರಿನ ಒಳಹೊಕ್ಕು ಒಂದು ಸಾಲು ಸೇರಿಸಿದೆ. ಮೂರು ನಿಮಿಷವೂ ಹಿಡಿಯಲಿಲ್ಲ.

ಅಷ್ಟರಲ್ಲಿ ವ್ಯವಸ್ಥಾಪಕರಾದ ಪ್ರಸನ್ನ ಕುಮಾರ್ ಬಂದು ಏನಾಯಿತು ಎಂದು ಕೇಳಿದರು. ಪಟ್ಟಿಯಲ್ಲಿ ಇದೆ ಸರ್, ಅಸ್ಗರ್ ಗಮನಿಸಿಲ್ಲ ಎಂದೆ. ಅವರು ಪರದೆಯನ್ನು ನೋಡಿದರು. ಪಟ್ಟಿಯಲ್ಲಿ ಇತ್ತು. ಮುದ್ದಕ್ಕನವರಿಗೆ ಶನಿವಾರ ಬದಲಿ ಸರದಿ ಸಿಕ್ಕಿದ್ದರಿಂದ ವಿಷಯ ಅಲ್ಲಿಗೆ ನಿಂತಿತು. ಅಸ್ಗರ್ ಬೈಸಿಕೊಂಡರು. ನನ್ನ ಕುರ್ಚಿಯಿಂದ ಸುಮಾರು ಹನ್ನೆರಡು ಅಡಿ ದೂರದಲ್ಲಿ ನಿಂತು, "ನಂಗೆ ಕಾಣಿಸಲಿಲ್ಲ ಸಾರ್, ಖುದಾ ಕಸಂ" ಎಂದು ಎರಡು ಸಲ ಹೇಳಿದರು. ನಾನು ತಲೆ ಎತ್ತಲಿಲ್ಲ.

ದಿನಾಂಕ 07-07-2025, ಸೋಮವಾರ ಸಂಜೆ 5-50ಕ್ಕೆ ಕಚೇರಿಯ ಮೊಬೈಲ್ ಸಂಖ್ಯೆ ಬದಲಾಗಿದ್ದರಿಂದ ಕಂಟೇನರನ್ನು ತೆಗೆದು ಮತ್ತೆ ಹುಟ್ಟಿಸಬೇಕಾಯಿತು. ತೆಗೆಯುವ ಆದೇಶ ಕೊಟ್ಟ ಕೂಡಲೇ ಶುಕ್ರವಾರದ ಸಾಲು ನನಗೆ ನೆನಪಾಯಿತು. ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು ಎಂದು ಕೋರುತ್ತೇನೆ. ನಾನು ಮರೆತಿರಲಿಲ್ಲ. ಆದರೆ ಪ್ರಸನ್ನ ಕುಮಾರ್ ನನ್ನ ಹಿಂದೆ ನಿಂತಿದ್ದರು. ಅವರ ಎದುರು ಆ ಸಾಲು ಸೇರಿಸಿದರೆ ಇದು ಏಕೆ ಇಲ್ಲ ಎಂದು ಕೇಳುತ್ತಾರೆ. ಅವರು ಹೋದ ಮೇಲೆ ಸೇರಿಸೋಣ ಎಂದುಕೊಂಡೆ. ಅವರು 6-10ರವರೆಗೆ ಹೋಗಲಿಲ್ಲ. ನನ್ನ ಬಸ್ಸು 6-15ಕ್ಕೆ. ನಾನು ಬಸ್ಸಿಗೆ ಹೋದೆ. ಬಸ್ಸಿನಲ್ಲಿ ಅನುವಾದದ ಕಾದಂಬರಿಯೊಂದನ್ನು ತೆರೆದು ಹನ್ನೊಂದು ಪುಟ ತಿರುವಿದೆ. ಅದರಲ್ಲಿ ಏನಿತ್ತು ಎಂದು ಈಗ ಹೇಳಲಾರೆ.

ಮಂಗಳವಾರ ಬೆಳಿಗ್ಗೆ 5-48ಕ್ಕೆ ನಾನು ಮನೆಯಲ್ಲಿದ್ದಾಗ ಅಸ್ಗರ್ ಫೋನ್ ಮಾಡಿದರು. "ಮೇಡಂ, ಮುದ್ದಕ್ಕ ಇವತ್ತೂ ಪಟ್ಟೀಲಿಲ್ಲ. ಹೋಗ್ಲಾ, ಬ್ಯಾಡ್ವಾ? ಆಮೇಲೆ ನನ್ ಮೇಲೆ ಬರಬಾರ್ದು ನೋಡಿ" ಎಂದರು. ಹೋಗಿ ಎಂದರೆ ಶುಕ್ರವಾರವೂ ಪಟ್ಟಿಯೇ ತಪ್ಪಾಗಿತ್ತು ಎಂದು ಒಪ್ಪಿದಂತೆ ಆಗುತ್ತಿತ್ತು. ಶನಿವಾರ ತಾನೇ ಡಯಾಲಿಸಿಸ್ ಆಗಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಪಟ್ಟೀಲಿದ್ದಂಗೆ ಹೋಗಿ, ಅಸ್ಗರ್ ಭಾಯ್" ಎಂದೆ. ಆ ಕರೆ 41 ಸೆಕೆಂಡ್ ಇದೆ. ನನ್ನ ಮೊಬೈಲನ್ನು ಠಾಣೆಗೆ ಒಪ್ಪಿಸಿದ್ದೇನೆ.

ಅಂದು ಓಬಳರಾಜು ಅವರಿಂದ ಬಂದ ಮೂರು ಕರೆಗಳನ್ನು ಬಸ್ಸಿನಲ್ಲಿದ್ದ ನಾನು ಎತ್ತಲಿಲ್ಲ. ಕಚೇರಿ ತಲುಪಿ, 9-55ಕ್ಕೆ ಮೊದಲಿನಂತೆಯೇ ಕೈಯಲ್ಲಿ ಆ ಸಾಲು ಸೇರಿಸಿದೆ. ಕೇಂದ್ರದವರನ್ನು ಕೇಳಿ ಬುಧವಾರ ಮಧ್ಯಾಹ್ನ 2 ಗಂಟೆಯ ಸರದಿ ಕೊಡಿಸಿದೆ. ಬುಧವಾರ ಬೆಳಿಗ್ಗೆ 7 ಗಂಟೆಗೇ ಮುದ್ದಕ್ಕನವರಿಗೆ ಉಸಿರು ಕಟ್ಟಿ, ತುಮಕೂರಿನ ಆಸ್ಪತ್ರೆಗೆ ಸೇರಿಸಿದರು.

ಆ ಬುಧವಾರ 10-15ಕ್ಕೆ ಖುಷ್ನುಮಾ ಅವರಿಗೆ ಫೋನ್ ಮಾಡಿ, ಐ.ಡಿ.ಹಳ್ಳಿ ಯಾವ ಇಮೇಜಿನಲ್ಲಿದೆ ಎಂದು ಕೇಳಿದೆ. ಮಿಡಿಗೇಶಿ ಎಂದರು. ಹೊಸದು ಮಧುಗಿರಿ ಅಲ್ಲವೇ ಎಂದೆ. "ಅಯ್ಯೋ ಶಶಿ, ನೀನು ಪಾವಗಡದಿಂದ ಬರ್ತೀಯಲ್ಲ, ನಿಂಗೆ ಬಸ್ಸು ಉಲ್ಟಾ!" ಎಂದು ನಕ್ಕರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. 10-32ಕ್ಕೆ ಮಿಡಿಗೇಶಿಯನ್ನು ಓಡಿಸಿದೆ.

ಮಗನ ದೂರಿನ ಮೇಲೆ ಗುರುವಾರ ಅಡವಯ್ಯನವರು ಬಂದಾಗ, ಪರದೆಯನ್ನು ಅವರ ಕಡೆ ತಿರುಗಿಸಿ, ನೋಡಿ, ಐ.ಡಿ.ಹಳ್ಳಿ ಇದೆ ಎಂದು ಬೆರಳಿಟ್ಟು ತೋರಿಸಿದವಳು ನಾನು.

ದಿನಾಂಕ 12-07-2025, ಶನಿವಾರ ಮಧ್ಯಾಹ್ನ 3-30ಕ್ಕೆ ಆಸ್ಪತ್ರೆಗೆ ಹೋದೆ. ಎರಡು ಎಳನೀರು ಒಯ್ದಿದ್ದೆ. ಕಿಡ್ನಿಯ ರೋಗಿಗೆ ಎಳನೀರು ಕೊಡಬಾರದು ಎಂದು ಓಬಳರಾಜು ಅವನ್ನು ಮಂಚದಿಂದ ದೂರ ಇಟ್ಟರು. ಅದನ್ನು ತಿಳಿದಿರಬೇಕಾದವಳು ನಾನೇ. ಮುದ್ದಕ್ಕನವರು ನನ್ನ ಕೈ ಹಿಡಿದು, "ಅಸ್ಗರು ಯಾಕ್ ಬರ್ನಿಲ್ಲ ಕಣಮ್ಮ? ಓದ್ಸಲ ನಿನ್ ಗಾಡಿ ನಮ್ಮನ್ನ ಮೊರದಾಗ್ ಹಾಕ್ಕಂಡು ಕೇರ್ದಂಗೆ ಕೇರ್ತದೆ ಕಣ್ಲಾ ಅಂತ ಬೈದಿದ್ದೆ. ಅದ್ನೇ ಮನಸ್ನಾಗ್ ಇಟ್ಕಂಬುಟ್ನಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಅಂದು ಸಂಜೆ 6-20ಕ್ಕೆ ಅಸ್ಗರ್ ಫೋನ್ ಮಾಡಿದರು. ಮಂಗಳವಾರದ ಕರೆಯ ವಿಷಯವನ್ನು ತಾನು ಠಾಣೆಯಲ್ಲಿ ಹೇಳಿಲ್ಲ, ನಾನೇ ಹೋಗಿ ಹೇಳಲಿ ಎಂದು ತಾನು ಕಾಯುತ್ತಿರುವುದಾಗಿ ತಿಳಿಸಿದರು. "ಇನ್ನೆಷ್ಟು ದಿವಸ ಕಾಯ್ಲಿ ಮೇಡಂ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಇಟ್ಟರು.

ಇಂದು ಬೆಳಿಗ್ಗೆ ಮಧುಗಿರಿ ಎಂಬ ಇಮೇಜನ್ನು ಅಳಿಸಲು ಒಂದು ಸಾಲಿನ ಆದೇಶ ಬರೆದು ನೋಡಿದೆ. ಎಂಟರ್ ಒತ್ತಲಿಲ್ಲ. ಎರಡೂ ಇಮೇಜುಗಳು ಕಚೇರಿಯ ಕಂಪ್ಯೂಟರಿನಲ್ಲಿ ಇದ್ದ ಹಾಗೆಯೇ ಇವೆ. ಯಾವಾಗ ಯಾವುದು ಓಡಿತು ಎಂಬ ದಾಖಲೆಯನ್ನು ಮುದ್ರಿಸಿ, ನಾಲ್ಕು ಹಾಳೆ, ಇದರೊಂದಿಗೆ ಕೊಟ್ಟಿದ್ದೇನೆ.

ಬರೆದದ್ದನ್ನು ಅಡವಯ್ಯನವರು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ. ಸಹಿಗೆ ಮುನ್ನ ಒಂದು ಮಾತು ಸೇರಿಸಬೇಕೆಂದು ಕೇಳಿದೆ. ಅದು ಕೇಸಿಗೆ ಬೇಕಾಗಿಲ್ಲ ಎಂದರು. ಆದರೂ ಬರೆದುಕೊಂಡರು.

ಮುದ್ದಕ್ಕನವರು ನಿನ್ನೆ ಮನೆಗೆ ಬಂದಿದ್ದಾರೆ. ನಾಳೆ ಮಂಗಳವಾರ ಅವರ ಸರದಿ. ಪಟ್ಟಿಯಲ್ಲಿ ಐ.ಡಿ.ಹಳ್ಳಿ ಇದೆ. ನಾಳೆ ಆ ಡೈರಿಯ ಮುಂದೆ ಅವರ ಜೊತೆ ನಾನೂ ವ್ಯಾನು ಹತ್ತಿ, ಶಿರಾ ತಲುಪುವುದರೊಳಗೆ, ಅಸ್ಗರ್ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಂಡಿರಲಿಲ್ಲ, ಬರಬೇಡಿ ಎಂದವಳು ನಾನು ಎಂದು ಅವರಿಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಇನ್ನೂ ಹೇಳಿಲ್ಲ.

ಸ್ಥಳ: ಮಧುಗಿರಿ
ದಿನಾಂಕ: 14-07-2025, ಮಧ್ಯಾಹ್ನ 1-05
ಸಹಿ: ಶಶಿರೇಖಾ